ಹಳೇ ಕಾರು, ಸೋರುವ ಕೂಲಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿರುವುದು 2006ರ ಪೆಟ್ರೋಲ್ ಕಾರು. ನಾನು ಮೆಕ್ಯಾನಿಕ್ ಅಲ್ಲ. ಆದರೆ ಅದರ ಕೂಲಂಟ್, ಅಂದರೆ ಎಂಜಿನ್ನಿನ ಶಾಖವನ್ನು ರೇಡಿಯೇಟರಿಗೆ ಹೊತ್ತೊಯ್ದು ತಂಪು ಮಾಡುವ ದ್ರವ, ಎಲ್ಲಿಗೆ ಹೋಗುತ್ತಿದೆ ಅಂತ ಹುಡುಕುವುದರಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಕಳೆದೆ. ಆ ಕಥೆ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇ ತಪ್ಪಾಯ್ತು, ಈಗ ಹಳೇ ಗಾಡಿ ಇರುವ ನೆಂಟರು, ಆಫೀಸಿನವರು, ಎದುರುಮನೆಯವರು ಎಲ್ಲರೂ ನನಗೇ ಫೋನ್ ಮಾಡುತ್ತಾರೆ. ಪ್ರಶ್ನೆಗಳು ಮಾತ್ರ ಅವೇ. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ.

## ಮೊದಲಿಗೆ

ಕೂಲಂಟ್ ಅಂದ್ರೆ ಬಣ್ಣದ ನೀರು ತಾನೆ? ನಲ್ಲಿ ನೀರೇ ಹಾಕಿದ್ರೆ ಏನಾಗತ್ತೆ?

ಅರ್ಧ ನೀರು ಅನ್ನುವುದು ನಿಜ. ಉಳಿದರ್ಧ ಎಥಿಲೀನ್ ಗ್ಲೈಕಾಲ್ ಅನ್ನುವ ದ್ರವ, ಅದರ ಜೊತೆ ತುಕ್ಕು ತಡೆಯುವ ಒಂದಿಷ್ಟು ರಾಸಾಯನಿಕ. "ಅದು ಹಿಮ ಬೀಳೋ ದೇಶದವರಿಗೆ ಸಾರ್, ನಮಗ್ಯಾಕೆ" ಅಂತ ಎಷ್ಟೋ ಜನ ಹೇಳುತ್ತಾರೆ. ಹೆಪ್ಪುಗಟ್ಟುವ ಚಿಂತೆ ನಮಗಿಲ್ಲ, ಸರಿ. ಆದರೆ ಕುದಿಯುವ ಚಿಂತೆ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಮ್ಮಿ. ಎಂಜಿನ್ ಫ್ಯಾನ್ ಶುರುವಾಗುವುದೇ ಹೆಚ್ಚುಕಮ್ಮಿ 95 ಡಿಗ್ರಿಗೆ! ನೀರು ಕುದಿಯದೆ ಉಳಿಯುವುದು ರೇಡಿಯೇಟರ್ ಒಳಗಿನ ಒತ್ತಡದಿಂದ. ಒಂದು ಕಡೆ ಸೋರಿ ಒತ್ತಡ ಹೋಯಿತೋ, ಬರೀ ನೀರಿರುವ ಗಾಡಿ ಬೇಗ ಕುದಿಯುತ್ತದೆ. ಕೂಲಂಟ್ ಇದ್ದರೆ ಒತ್ತಡ ಇಲ್ಲದಿದ್ದರೂ 105ರ ಆಸುಪಾಸಿನ ತನಕ ತಡೆದುಕೊಳ್ಳುತ್ತದೆ.

ಇನ್ನೊಂದು ವಿಷಯ ತುಕ್ಕು, ಸುಣ್ಣ. ಬೋರ್‌ವೆಲ್ ನೀರಿನ ಗೀಸರ್ ಬಿಚ್ಚಿ ನೋಡಿದ್ದೀರಲ್ಲ, ಕಾಯಿಲ್ ಮೇಲೆ ಬಿಳಿ ಸುಣ್ಣದ ಪದರ ಕೂತಿರುತ್ತದೆ. ಅದೇ ಎಂಜಿನ್ ಒಳಗೂ ಕೂರುತ್ತದೆ. ರೇಡಿಯೇಟರ್‌ನ ಸಣ್ಣ ಸಣ್ಣ ಕೊಳವೆ ಕಟ್ಟಿಕೊಳ್ಳುತ್ತವೆ, ಕೂಲಂಟನ್ನು ಸುತ್ತಿಸುವ ವಾಟರ್ ಪಂಪಿನ ಸೀಲ್ ಸವೆಯುತ್ತದೆ. ನಡುದಾರಿಯಲ್ಲಿ ಗತಿಯಿಲ್ಲದಿದ್ದಾಗ ಯಾವ ನೀರಾದರೂ ಹಾಕಿ, ತಪ್ಪಿಲ್ಲ. ಊರಿಗೆ ಬಂದ ಮೇಲೆ ಅದನ್ನು ಪೂರ್ತಿ ಇಳಿಸಿ ಕೂಲಂಟ್ ತುಂಬಿಸಿ. ಬೆರೆಸಲು ಬೇಕಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಎಲ್ಲಾ ಪೆಟ್ರೋಲ್ ಬಂಕ್ ಪಕ್ಕದ ಅಂಗಡಿಯಲ್ಲೂ ಸಿಗುತ್ತದೆ.

ಕಾರಿನ ಕೆಳಗೆ ನೀರು ಬಿದ್ದಿದೆ. ಎಸಿ ನೀರಾ, ಕೂಲಂಟಾ? ಹೆಂಗೆ ಗೊತ್ತಾಗತ್ತೆ?

ಬೆರಳಲ್ಲಿ ಮುಟ್ಟಿ ನೋಡಿ. ಎಸಿ ನೀರು ಬರೀ ನೀರು: ಬಣ್ಣ ಇಲ್ಲ, ವಾಸನೆ ಇಲ್ಲ, ಸಾಮಾನ್ಯವಾಗಿ ಮುಂದಿನ ಸೀಟಿನ ಕಾಲಿಡುವ ಜಾಗದ ಕೆಳಗಡೆ ತೊಟ್ಟಿಕ್ಕುತ್ತದೆ. ಕೂಲಂಟ್ ಎರಡು ಬೆರಳ ನಡುವೆ ಜಾರುತ್ತದೆ, ಸೋಪಿನ ನೀರಿನಷ್ಟು. ಸಿಹಿ ವಾಸನೆ ಇರುತ್ತದೆ. ಸಂದೇಹ ಇದ್ದರೆ ರಾತ್ರಿ ಬೋನೆಟ್ ಕೆಳಗೆ ಹಳೇ ರಟ್ಟಿನ ಡಬ್ಬಿ ಬಿಡಿಸಿ ಹಾಸಿ. ನೀರು ಒಣಗಿದರೆ ಏನೂ ಉಳಿಯುವುದಿಲ್ಲ, ಕೂಲಂಟ್ ಬಿದ್ದರೆ ಅಂಟು ಕಲೆ ಉಳಿಯುತ್ತದೆ, ಜೊತೆಗೆ ಎಂಜಿನ್ನಿನ ಯಾವ ಭಾಗದ ಕೆಳಗೆ ಬಿದ್ದಿದೆ ಅನ್ನುವುದೂ ತಿಳಿಯುತ್ತದೆ. ನಾಲಿಗೆಗೆ ಮಾತ್ರ ಹಚ್ಚಿ ನೋಡಬೇಡಿ. ಅದು ವಿಷ.

ಲೆವೆಲ್ ಸ್ವಲ್ಪ ಸ್ವಲ್ಪ ಕಮ್ಮಿ ಆಗೋದು ಸಹಜ ಅಂತಾರಲ್ಲ?

ಪೆಟ್ರೋಲ್ ಹಾಗೆ ಇದು ಉರಿದು ಖಾಲಿಯಾಗುವ ವಸ್ತುವಲ್ಲ. ಮುಚ್ಚಿದ ಪಾತ್ರೆಯಲ್ಲಿ ಸುತ್ತುತ್ತಿರುತ್ತದೆ ಅಷ್ಟೆ. ವರ್ಷಕ್ಕೆ ಒಂದು ಬೆರಳಷ್ಟು ಇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ತಿಂಗಳಿಗೊಮ್ಮೆ ಬಾಟಲಿ ತೆಗೆದು ಸುರಿಯುವ ಹಾಗಾಗಿದ್ದರೆ ಎಲ್ಲೋ ದಾರಿ ಇದೆ, ನಿಮಗೆ ಕಾಣುತ್ತಿಲ್ಲ ಅಷ್ಟೆ. ನಾನು ಮಾಡಿದ ದೊಡ್ಡ ತಪ್ಪು ಇದೇ. ಮೊದಲ ಐದು ತಿಂಗಳು "ಹಳೇ ಕಾರು, ಕುಡಿಯುತ್ತೆ" ಅಂದುಕೊಂಡು ತುಂಬುತ್ತಲೇ ಇದ್ದೆ, ಅದೂ ಅಡುಗೆಮನೆಯ ನೀರು.

ಒಂದು ಪರ್ಮನೆಂಟ್ ಮಾರ್ಕರ್ ತಗೊಳ್ಳಿ. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಸಮತಟ್ಟು ಜಾಗದಲ್ಲಿ ಬೋನೆಟ್ ಎತ್ತಿ ಕೂಲಂಟಿನ ಪ್ಲಾಸ್ಟಿಕ್ ಟ್ಯಾಂಕಿನ ಮೇಲೆ ಲೆವೆಲ್ ಇರುವಲ್ಲಿ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಖು. ಓಡಿದ ಕಿಲೋಮೀಟರ್ ಫೋನಿನಲ್ಲಿ ಬರೆದಿಡಿ. ಬಿಸಿಯಿದ್ದಾಗ ಲೆವೆಲ್ ಮೇಲೆ ಬಂದಿರುತ್ತದೆ, ಆಗ ನೋಡಿದರೆ ಲೆಕ್ಕ ತಪ್ಪುತ್ತದೆ.

ಟ್ಯಾಂಕ್ ಫುಲ್ ಇದೆ, ಆದ್ರೂ ಹೀಟ್ ಆಗ್ತಿದೆ ಯಾಕೆ?

ರೇಡಿಯೇಟರ್ ಮೇಲೊಂದು ಮುಚ್ಚಳ, ಪಕ್ಕದಲ್ಲಿ ಬೇರೆ ಪ್ಲಾಸ್ಟಿಕ್ ಟ್ಯಾಂಕ್ ಇರುವ ಹಳೇ ಗಾಡಿಗಳಲ್ಲಿ ಇದು ಆಗುತ್ತದೆ. ಬಿಸಿಯಾದಾಗ ರೇಡಿಯೇಟರ್‌ನಿಂದ ಟ್ಯಾಂಕಿಗೆ ಹೋದ ಕೂಲಂಟ್, ತಣ್ಣಗಾದಾಗ ವಾಪಸ್ ಹೀರಿಕೊಳ್ಳಬೇಕು. ನಡುವಿನ ಸಣ್ಣ ಪೈಪು ಸೀಳಿದ್ದರೆ ಅಥವಾ ಮುಚ್ಚಳದ ವಾಲ್ವ್ ಕೆಟ್ಟಿದ್ದರೆ ಹೀರಿಕೊಳ್ಳುವುದಿಲ್ಲ. ಆಗ ಟ್ಯಾಂಕ್ ತುಂಬಿರುತ್ತದೆ, ರೇಡಿಯೇಟರ್ ಅರ್ಧ ಖಾಲಿ. ವಾರಕ್ಕೊಮ್ಮೆ ಬೆಳಿಗ್ಗೆ ರೇಡಿಯೇಟರ್ ಮುಚ್ಚಳವನ್ನೇ ತೆಗೆದು ನೋಡಿ. ಕೂಲಂಟ್ ಕಂಠದ ತನಕ ಇರಬೇಕು.

ಹಸಿರಿಗೆ ಕೆಂಪು ಬೆರೆಸಬಹುದಾ? ನನ್ನ ಹತ್ರ ಎರಡೂ ಅರ್ಧರ್ಧ ಬಾಟಲಿ ಇದೆ.

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಬಣ್ಣಕ್ಕೆ ಯಾವ ಕಾಯ್ದೆಯೂ ಇಲ್ಲ, ಕಂಪನಿ ತನಗೆ ಇಷ್ಟ ಬಂದ ಬಣ್ಣ ಹಾಕುತ್ತದೆ. ನೋಡಬೇಕಾದ್ದು ಒಳಗಿನ ತುಕ್ಕುನಿರೋಧಕ ಯಾವ ಜಾತಿಯದು ಅನ್ನುವುದನ್ನು. ಹೊಂದದ ಎರಡು ಜಾತಿ ಸೇರಿದರೆ ಕೆಲವೊಮ್ಮೆ ರಾಗಿ ಅಂಬಲಿಯಷ್ಟು ಗಟ್ಟಿಯಾಗುತ್ತದೆ. ಏನೂ ಕಾಣದಿದ್ದರೂ ತುಕ್ಕು ತಡೆಯುವ ಶಕ್ತಿ ಬೇಗ ಹೋಗುತ್ತದೆ. ಹಳೇ ಕಾರು ಕೊಂಡಿದ್ದೀರಿ, ಒಳಗೆ ಯಾವುದಿದೆ ಗೊತ್ತಿಲ್ಲ ಅಂದರೆ ಪೂರ್ತಿ ಫ್ಲಶ್ ಮಾಡಿಸಿ ಮಾಲೀಕರ ಕೈಪಿಡಿಯಲ್ಲಿ ಹೇಳಿದ್ದನ್ನು ಹಾಕಿಸಿ.

ಬಾಟಲಿ ಮೇಲೆ ನೇರ ಹಾಕುವುದಾ, ನೀರು ಬೆರೆಸುವುದಾ ಅಂತಲೂ ಓದಿ. ಬೆರೆಸಬೇಕಾದ್ದನ್ನು ಹಾಗೇ ಸುರಿದರೆ ಜಾಸ್ತಿ ತಂಪಾಗುತ್ತದೆ ಅಂದುಕೊಂಡವರಿದ್ದಾರೆ. ಉಲ್ಟಾ. ಶಾಖ ಹೊರುವುದರಲ್ಲಿ ನೀರೇ ಗ್ಲೈಕಾಲ್‌ಗಿಂತ ಮೇಲು.

## ದಾರಿಯಲ್ಲಿ ಕೈಕೊಟ್ಟಾಗ

ಘಾಟಿ ಹತ್ತುವಾಗ ಮುಳ್ಳು ಮೇಲೆ ಹೋಯ್ತು. ಏನ್ ಮಾಡ್ಬೇಕಿತ್ತು?

ನನಗೆ ಇದು ಆಗಿದ್ದು ಚಾರ್ಮಾಡಿಯಲ್ಲಿ. ಧರ್ಮಸ್ಥಳದಿಂದ ವಾಪಸ್ ಬರುತ್ತಾ ಕೊಟ್ಟಿಗೆಹಾರದ ಕಡೆ ಹತ್ತುತ್ತಿದ್ದೆವು. ಎಸಿ ಹಾಕಿತ್ತು, ಐದು ಜನ, ಡಿಕ್ಕಿ ತುಂಬಾ ಸಾಮಾನು, ಮುಂದೊಂದು ಲಾರಿ, ಎರಡನೇ ಗೇರು ಬಿಟ್ಟು ಮೇಲೆ ಹೋಗುವ ಹಾಗಿಲ್ಲ. ಮೊದಲು ಬಂದಿದ್ದು ಬೆಲ್ಲದ ಪಾಕದಂಥ ವಾಸನೆ. "ಯಾರೋ ಹೊರಗಡೆ ಬೆಲ್ಲ ಕಾಯಿಸ್ತಿದ್ದಾರೆ" ಅಂದಳು ನನ್ನ ಹೆಂಡತಿ. ಆ ಕಾಡಿನ ತಿರುವಿನಲ್ಲಿ ಬೆಲ್ಲ ಕಾಯಿಸುವವರು ಯಾರು? ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ತಾಪ ತೋರಿಸುವ ಮುಳ್ಳು ನೋಡಿದೆ, ಮುಕ್ಕಾಲು ದಾಟಿತ್ತು.

ಮಾಡಬೇಕಾದ್ದು ಇಷ್ಟು. ಎಸಿ ಆಫ್ ಮಾಡಿ. ಹೀಟರ್ ಫುಲ್ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಇಡಿ, ಕಿಟಕಿ ಇಳಿಸಿ. ಸೆಖೆಗೆ ಮಕ್ಕಳು ಬಯ್ಯುತ್ತವೆ, ಬೈಸಿಕೊಳ್ಳಿ. ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್, ಎಂಜಿನ್ ಶಾಖವನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಇದೆಲ್ಲ ಗಾಡಿ ನಿಲ್ಲಿಸುವ ಜಾಗ ಸಿಗುವ ತನಕ ಮಾತ್ರ. ಮುಳ್ಳು ಕೆಂಪಿಗೆ ತಾಗಿದ್ದರೆ, ಹಬೆ ಕಂಡರೆ, ಅಥವಾ ಕೆಂಪು ದೀಪ ಬಂದರೆ ಸಿಕ್ಕ ಮೊದಲ ಅಂಚಿನಲ್ಲೇ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಎರಡು ಕಿಲೋಮೀಟರ್ ತಾನೆ, ಹೋಗಿಬಿಡೋಣ ಅಂದವರ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಆ ಎರಡು ಕಿಲೋಮೀಟರ್‌ನಲ್ಲೇ ಹೋಗಿರುತ್ತದೆ.

ಆಮೇಲೆ ಸುಮ್ನೆ ಕೂರಿ. ನಲವತ್ತೈದು ನಿಮಿಷ, ಒಂದು ಗಂಟೆ. ಬಿಸಿ ಮುಚ್ಚಳ ತೆಗೆಯಬೇಡಿ. ಒಳಗೆ ನೂರು ಡಿಗ್ರಿ ದಾಟಿದ ದ್ರವ ಒತ್ತಡದಲ್ಲಿದೆ, ಮುಚ್ಚಳ ಸಡಿಲವಾದ ಕ್ಷಣ ಅಷ್ಟೂ ಒಟ್ಟಿಗೆ ಕುದ್ದು ಮುಖಕ್ಕೆ ಎಗರುತ್ತದೆ. ರೇಡಿಯೇಟರಿನ ಮೇಲಿನ ದಪ್ಪ ರಬ್ಬರ್ ಹೋಸ್ ಮುಟ್ಟಿದರೆ ಮೆತ್ತಗೆ, ಉಗುರುಬೆಚ್ಚಗೆ ಇರಬೇಕು. ಆಗ ದಪ್ಪ ಬಟ್ಟೆ ಇಟ್ಟು ಕಾಲು ಸುತ್ತು ತಿರುಗಿಸಿ, ಉಸಿರು ಹೋಗಲು ಬಿಟ್ಟು ಆಮೇಲೆ ತೆಗೆಯಿರಿ. ಕಾದ ಎಂಜಿನ್ನಿಗೆ ತಣ್ಣೀರು ದಬದಬ ಸುರಿಯುವುದೂ ಬೇಡ, ಕಾದ ಕಾವಲಿಗೆ ನೀರು ಹಾಕಿದಂತೆ. ಲೋಹ ಬಿರಿಯುತ್ತದೆ. ನಮಗೆ ಹಿಂದೆ ಬಂದ ಜೀಪಿನವರೊಬ್ಬರು ಎರಡು ಬಾಟಲಿ ನೀರು ಕೊಟ್ಟು, ಒಂದನ್ನು ಮಕ್ಕಳಿಗೆ ಕುಡಿಸಿ ಅಂದರು.

ಮೇಲೆ ಹೋಗಿದ್ದ ಮುಳ್ಳು ತಾನಾಗೇ ಕೆಳಗೆ ಬಂತು. ಸರಿಹೋಯ್ತು ಅಲ್ವಾ?

ಹೆದರಬೇಕಾದ್ದೇ ಆಗ. ತಾಪ ಅಳೆಯುವ ಸೆನ್ಸರ್ ಕೂಲಂಟಿನಲ್ಲಿ ಮುಳುಗಿರಬೇಕು. ಕೂಲಂಟ್ ಪೂರ್ತಿ ಸೋರಿಹೋದರೆ ಅದು ಗಾಳಿಯಲ್ಲಿ ನೇತಾಡುತ್ತದೆ, ಮುಳ್ಳು ಕೆಳಗಿಳಿಯುತ್ತದೆ. ಎಂಜಿನ್ ಮಾತ್ರ ಒಳಗೆ ಬೇಯುತ್ತಿರುತ್ತದೆ. ಹೀಟರ್ ಹಾಕಿ ನೋಡಿ. ಬಿಸಿ ಗಾಳಿ ಬರಬೇಕಾದಲ್ಲಿ ತಣ್ಣನೆ ಗಾಳಿ ಬಂದರೆ ಒಳಗೆ ಕೂಲಂಟ್ ಇಲ್ಲ ಅಂತಲೇ ಲೆಕ್ಕ. ಕೂಡಲೇ ನಿಲ್ಲಿಸಿ.

ಇನ್ನೊಂದು ಮಾತು, ಎಷ್ಟೋ ಕಾರುಗಳಲ್ಲಿ ಮುಳ್ಳು ನಿಜ ಹೇಳುವುದೇ ಇಲ್ಲ. 80ಕ್ಕೂ ನಡುವೆ, 105ಕ್ಕೂ ನಡುವೆ. ಜನ ಸುಮ್ಮನೆ ಗಾಬರಿಯಾಗಬಾರದು ಅಂತ ಹಾಗೆ ಮಾಡಿರುತ್ತಾರೆ. ಮುಳ್ಳು ಏಳುವಷ್ಟರಲ್ಲಿ ತಡವಾಗಿರುತ್ತದೆ. ಕಳೆದ ಹತ್ತು ಹನ್ನೆರಡು ವರ್ಷದ ಕಾರಾದರೆ ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಎಂಜಿನ್ ಮಾಹಿತಿ ಓದುವ ಸಾಕೆಟ್) ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ಸಿಗುತ್ತದೆ, ಫೋನಿನಲ್ಲೇ ನಿಜವಾದ ಡಿಗ್ರಿ ಕಾಣುತ್ತದೆ.

ಅರಿಶಿನ ಪುಡಿ ಹಾಕಿದ್ರೆ ಸೋರೋದು ನಿಲ್ಲತ್ತಂತೆ, ನಿಜನಾ?

ನಗಬೇಡಿ, ನಿಲ್ಲುತ್ತದೆ. ಲಾರಿ ಡ್ರೈವರ್‌ಗಳ ಹಳೇ ವಿದ್ಯೆ ಅದು. ಪುಡಿ ನೀರಿನಲ್ಲಿ ಉಬ್ಬಿ ಸೂಜಿಮೊನೆಯಷ್ಟು ತೂತಿನಲ್ಲಿ ಹೋಗಿ ಕೂರುತ್ತದೆ. ಆದರೆ ಅರಿಶಿನಕ್ಕೆ ಯಾವುದು ತೂತು, ಯಾವುದು ದಾರಿ ಅಂತ ಹೇಗೆ ಗೊತ್ತಾಗಬೇಕು? ರೇಡಿಯೇಟರ್ ಕೊಳವೆಯಲ್ಲೂ ಕೂರುತ್ತದೆ, ಹೀಟರಿನಲ್ಲೂ ಕೂರುತ್ತದೆ. ಆಗಿನ ರೇಡಿಯೇಟರ್‌ಗಳ ಕೊಳವೆ ಅಗಲ ಇದ್ದವು, ಈಗಿನವು ಬಲು ಸಪೂರ. ಅಂಗಡಿಯಲ್ಲಿ ಸಿಗುವ ಸ್ಟಾಪ್‌ಲೀಕ್ ಬಾಟಲಿಗಳೂ ಇದೇ ಜಾತಿ, ಸ್ವಲ್ಪ ಓದಿದವು ಅಷ್ಟೆ. ರಾತ್ರಿ ಹತ್ತು ಗಂಟೆ, ಊರು ಅರವತ್ತು ಕಿಲೋಮೀಟರ್, ಬೇರೆ ದಾರಿ ಇಲ್ಲ ಅಂದಾಗ ಹಾಕಿ. ಊರು ತಲುಪಿದ ಮೇಲೆ ಫ್ಲಶ್ ಮಾಡಿಸಿ. ಸೀಳಿದ ಹೋಸಿಗೆ, ಪಂಪಿನ ಸೀಲಿಗೆ, ಹೆಡ್ ಗ್ಯಾಸ್ಕೆಟ್ಟಿಗೆ ಅರಿಶಿನ ಪ್ರಯೋಜನವಿಲ್ಲ.

## ಎಲ್ಲಿಂದ ಸೋರುತ್ತಿದೆ?

ನಾನೇ ಹುಡುಕಬಹುದಾ, ಗ್ಯಾರೇಜಿಗೇ ಹೋಗ್ಬೇಕಾ?

ಅರ್ಧಕ್ಕಿಂತ ಜಾಸ್ತಿ ಸೋರಿಕೆ ಬರಿಗಣ್ಣಿಗೆ ಸಿಗುತ್ತವೆ. ಬೇಕಾದ್ದು ಒಳ್ಳೆಯ ಟಾರ್ಚು, ಒಂದು ಪುಟ್ಟ ಕನ್ನಡಿ, ಬೆಳಗಿನ ಹೊತ್ತು. ಒದ್ದೆ ಹುಡುಕಬೇಡಿ, ಕಲೆ ಹುಡುಕಿ. ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ಆರಿಹೋಗುತ್ತದೆ, ಅದರ ಬಣ್ಣದ ಪುಡಿ ಮಾತ್ರ ಹಿಟ್ಟು ಚೆಲ್ಲಿದ ಹಾಗೆ ಉಳಿಯುತ್ತದೆ.

ಮೊದಲು ರೇಡಿಯೇಟರ್. ಈಗಿನವುಗಳಲ್ಲಿ ನಡುವೆ ಅಲ್ಯೂಮಿನಿಯಂ, ಎರಡು ಬದಿಗೆ ಪ್ಲಾಸ್ಟಿಕ್ ಟ್ಯಾಂಕ್. ಅವೆರಡೂ ಸೇರುವ ಅಂಚೇ ವಯಸ್ಸಾದಂತೆ ಮೊದಲು ಬಿಡುವುದು. ಆಮೇಲೆ ಹೋಸ್‌ಗಳು. ಹಿಂಡಿ ನೋಡಿ, ಕರಕರ ಅಂದರೆ ಒಳಪದರ ಹೋಗಿದೆ, ಮೈಸೂರುಪಾಕಿನ ಹಾಗೆ ಮೆತ್ತಗಾಗಿದ್ದರೂ ಹೋಗಿದೆ. ಕ್ಲ್ಯಾಂಪ್ ಇರುವ ತುದಿಗಳಲ್ಲಿ ಉಬ್ಬು ಇದೆಯಾ ನೋಡಿ. ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಕೂದಲೆಳೆ ಬಿರುಕು, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆಯುವ ವಾಲ್ವ್) ಕೂರುವ ಮನೆಯ ಸುತ್ತ, ವಾಟರ್ ಪಂಪ್ ಕೆಳಗೆ. ನಮ್ಮ ಮೆಕ್ಯಾನಿಕ್‌ಗಳು ಅದನ್ನು ವಾಟರ್ ಬಾಡಿ ಅನ್ನುತ್ತಾರೆ. ಅದರ ಹೊಟ್ಟೆಯಲ್ಲಿ ಒಂದು ಸಣ್ಣ ತೂತು ಬೇಕಂತಲೇ ಬಿಟ್ಟಿರುತ್ತಾರೆ, ಒಳಗಿನ ಸೀಲ್ ಹೋದರೆ ಅಲ್ಲಿಂದ ಹನಿ ಬರಲಿ ಅಂತ. ಸೋರುತ್ತದೆ ಅಂತ ಆ ತೂತಿಗೆ ಎಂ-ಸೀಲ್ ಮೆತ್ತಿದ ಮಹಾನುಭಾವರನ್ನು ನೋಡಿದ್ದೇನೆ. ಕೂಲಂಟ್ ಹೊರಗೆ ಬರುವ ಬದಲು ಬೇರಿಂಗಿಗೆ ಹೋಯಿತು, ಪಂಪು ಹಿಡಿದು ನಿಂತಿತು.

ನನ್ನ ಕಾರಿನಲ್ಲಿ ಇದ್ಯಾವುದೂ ಅಲ್ಲ. ಎಂಜಿನ್ನಿನ ಹಿಂದೆ, ಫೈರ್‌ವಾಲ್ (ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆ) ಕಡೆ, ಹೆಬ್ಬೆರಳು ದಪ್ಪದ ಒಂದು ಬೈಪಾಸ್ ಹೋಸ್. ಮೇಲಿಂದ ಕಾಣುವುದಿಲ್ಲ, ಕೆಳಗಿಂದಲೂ ಕಾಣುವುದಿಲ್ಲ. ಮೂರು ಜನ ನೋಡಿ "ಏನೂ ಇಲ್ಲ ಸಾರ್" ಅಂದಿದ್ದರು. ಕೊನೆಗೆ ಮಗಳ ಮೇಕಪ್ ಕನ್ನಡಿಯನ್ನು ಕಡ್ಡಿಗೆ ಅಂಟಿಸಿ ಇಳಿಬಿಟ್ಟಾಗ ಕ್ಲ್ಯಾಂಪಿನ ಸುತ್ತ ಪಾಚಿ ಬಣ್ಣದ ಬಳೆ ಕಂಡಿತು. ಹೋಸಿನ ಬೆಲೆ ಅವತ್ತಿನ ಇಬ್ಬರ ಊಟದಷ್ಟೂ ಇರಲಿಲ್ಲ.

ರಾತ್ರಿ ನಿಲ್ಲಿಸಿದಾಗ ಮಾತ್ರ ಹನಿ ಬೀಳತ್ತೆ, ಓಡ್ತಿರುವಾಗ ಇಲ್ಲ. ಇದೇನ್ ವಿಚಿತ್ರ?

ವಿಚಿತ್ರ ಅಲ್ಲ. ರಬ್ಬರ್, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಬಿಸಿಗೆ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ. ಬಿಸಿಯಿದ್ದಾಗ ಬಿಗಿಯಾಗಿ ಕೂತದ್ದು ತಣ್ಣಗಾದಾಗ ಸಡಿಲವಾಗುತ್ತದೆ. ಹೆಚ್ಚಾಗಿ ಹೋಸ್ ತುದಿ ಅಥವಾ ರೇಡಿಯೇಟರ್ ಅಂಚು. ಕ್ಲ್ಯಾಂಪ್ ಬಿಗಿ ಮಾಡಿ ನೋಡಬಹುದು, ಆದರೆ ಅತಿ ಬೇಡ. ಸ್ಕ್ರೂ ಕ್ಲ್ಯಾಂಪನ್ನು ಇದ್ದಬದ್ದ ಶಕ್ತಿ ಹಾಕಿ ತಿರುಗಿಸಿದರೆ ಹೋಸ್ ಕತ್ತರಿಸುತ್ತದೆ, ಇಲ್ಲವೇ ಒಳಗಿನ ಪ್ಲಾಸ್ಟಿಕ್ ಮೂತಿ ಮುರಿಯುತ್ತದೆ. ಎಂಜಿನ್ ಆಫ್ ಮಾಡಿದ ಹತ್ತು ನಿಮಿಷ ಮಾತ್ರ ಸೋರಿದರೆ ಅದು ಬೇರೆ. ಆಗ ಪಂಪ್ ನಿಂತಿರುತ್ತದೆ, ಎಂಜಿನ್ ಶಾಖ ಕೂಲಂಟಿಗೆ ಇಳಿದು ಒತ್ತಡ ಏರುತ್ತದೆ.

ಬರೀ ಮುಚ್ಚಳ ಬದಲಾಯಿಸಿ ಅಂತಾರೆ. ಇಷ್ಟು ಚಿಕ್ಕದರಿಂದ ಏನಾಗತ್ತೆ?

ಮುಚ್ಚಳ ಅಂದುಕೊಂಡಿದ್ದೇ ತಪ್ಪು, ಅದು ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ ನೋಡಿ, ಅಷ್ಟು ಬಾರ್ ಒತ್ತಡದ ತನಕ ಹಿಡಿದಿಡುತ್ತದೆ. ಸ್ಪ್ರಿಂಗ್ ಸೋತರೆ ಬೇಗ ಬಿಡುತ್ತದೆ, ಕೂಲಂಟ್ ಟ್ಯಾಂಕಿನಿಂದ ಉಕ್ಕಿ ಹೊರಗೆ ಹೋಗುತ್ತದೆ, ಎಲ್ಲೂ ಸೋರಿಕೆ ಸಿಗುವುದಿಲ್ಲ. ಹಿಡಿದುಕೊಂಡು ಬಿಡದೇ ಇದ್ದರೆ ಇನ್ನೂ ಕೆಟ್ಟದ್ದು, ಹಳೇ ಹೋಸ್ ಹರಿಯುತ್ತದೆ. ಬೆಳಿಗ್ಗೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ಹೀರುವ ವಾಲ್ವ್ ಕೆಟ್ಟಿದೆ. ಹೊಸದು ತರುವಾಗ ಅದೇ ಅಂಕಿಯದ್ದು ತನ್ನಿ, "ಜಾಸ್ತಿ ಇದ್ರೆ ಒಳ್ಳೇದು" ಇಲ್ಲಿ ನಡೆಯುವುದಿಲ್ಲ.

ಕಾರೊಳಗೆ ಸಿಹಿ ವಾಸನೆ, ಮುಂದಿನ ಗಾಜು ಒಳಗಿಂದ ಮಂಜು ಹಿಡಿಯತ್ತೆ.

ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಕೋರ್ ಸೋರುತ್ತಿದೆ. ಪಕ್ಕದ ಸೀಟಿನ ಕಾರ್ಪೆಟ್ ಎತ್ತಿ ಕೆಳಗಿನ ಸ್ಪಂಜು ಒತ್ತಿ ನೋಡಿ, ಅಂಟಂಟು ಒದ್ದೆ ಇರುತ್ತದೆ. ಗಾಜು ಒರೆಸಿದರೆ ಜಿಡ್ಡು. ರಿಪೇರಿಗೆ ಬಹಳ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, ಕೂಲಿ ದುಬಾರಿ. ಹಾಗಾಗಿ ಮೆಕ್ಯಾನಿಕ್‌ಗಳು ಎಂಜಿನ್ ಕಡೆಯೇ ಎರಡು ಹೋಸ್ ಸೇರಿಸಿ ಹೀಟರನ್ನು ಬೈಪಾಸ್ ಮಾಡುತ್ತಾರೆ. ಕರಾವಳಿಯಲ್ಲೋ ಬಯಲುಸೀಮೆಯಲ್ಲೋ ಇದ್ದರೆ ನಾನೂ ಅದನ್ನೇ ಮಾಡುತ್ತೇನೆ. ಆದರೆ ಘಾಟಿಯಲ್ಲಿ ಹೀಟರ್ ಹಾಕಿ ತಂಪು ಮಾಡುವ ಉಪಾಯ ಆಮೇಲೆ ಇರುವುದಿಲ್ಲ, ನೆನಪಿರಲಿ.

ಎಲ್ಲೂ ಒಂದ್ ಹನಿ ಇಲ್ಲ. ಆದ್ರೂ ಕಮ್ಮಿ ಆಗ್ತಾನೇ ಇದೆ. ಹೆಡ್ ಗ್ಯಾಸ್ಕೆಟ್ಟಾ?

ಇರಬಹುದು, ಆದರೆ ಅಲ್ಲಿಗೆ ಹಾರಬೇಡಿ. ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿ. ಮುಚ್ಚಳದ ಜಾಗಕ್ಕೆ ಕೈಪಂಪ್ ಕೂರಿಸಿ, ಮುಚ್ಚಳದ ಮೇಲಿರುವ ಅಂಕಿಯಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಡುತ್ತಾರೆ. ಪಂಪಿನ ಮುಳ್ಳು ಇಳಿಯದಿದ್ದರೆ ಹೊರಗೆ ಸೋರಿಕೆ ಇಲ್ಲ. ಎಂಜಿನ್ ತಣ್ಣಗಿದ್ದಾಗಲೂ ಈ ಟೆಸ್ಟ್ ಆಗುತ್ತದೆ, ಹಾಗಾಗಿ ಹನಿ ಆರಿಹೋಗುವ ಮಾತಿಲ್ಲ. ಪಂಪೇ ಇಲ್ಲದ ಗ್ಯಾರೇಜು "ಹೆಡ್ ಇಳಿಸೋಣ" ಅಂದರೆ ನಮಸ್ಕಾರ ಹೇಳಿ ಬನ್ನಿ.

ಒಳಗೇ ಹೋಗುತ್ತಿದ್ದರೆ ಗುರುತು ಬೇರೆ. ತಣ್ಣನೆ ಎಂಜಿನ್ ಶುರು ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿ. ಟ್ಯಾಂಕಿನಲ್ಲಿ ನಿಲ್ಲದ ಗುಳ್ಳೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಅದಕ್ಕೆ ಸಿಹಿ ವಾಸನೆ. ಬೆಳಿಗ್ಗೆ ಮೊದಲ ಅರ್ಧ ನಿಮಿಷ ಒಂದು ಸಿಲಿಂಡರ್ ತಡವರಿಸುವುದು. ಇದರಲ್ಲಿ ಎರಡು ಸೇರಿದರೆ ಬ್ಲಾಕ್ ಟೆಸ್ಟ್ ಕೇಳಿ. ಒಂದು ನೀಲಿ ದ್ರವದ ಮೂಲಕ ರೇಡಿಯೇಟರ್ ಗಾಳಿ ಎಳೆಯುತ್ತಾರೆ, ಅದರಲ್ಲಿ ಎಂಜಿನ್ ಹೊಗೆ ಬೆರೆತಿದ್ದರೆ ಹಳದಿಗೆ ತಿರುಗುತ್ತದೆ.

ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆ ಕಂಡ ಕೂಡಲೇ ಎದೆ ಹೊಡೆದುಕೊಳ್ಳಬೇಡಿ. ಮಲೆನಾಡಿನ ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಬರೀ ತೇವಕ್ಕೂ ಹಾಗಾಗುತ್ತದೆ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಮೇಲಿನ ಆಯಿಲ್ಲೇ ಚಹಾದ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಗಾಡಿ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಕೂಲಂಟ್ ಬೆರೆತ ಆಯಿಲ್ ಬೇರಿಂಗ್ ತಿನ್ನುತ್ತದೆ.

## ಗ್ಯಾರೇಜಿನ ಮಾತು

ರೇಡಿಯೇಟರ್ ಬೆಸುಗೆ ಹಾಕಿಸಬಹುದಾ, ಹೊಸದೇ ಬೇಕಾ?

ಅಂಬಾಸಿಡರ್, ಪದ್ಮಿನಿ ಕಾಲದ ತಾಮ್ರ ಹಿತ್ತಾಳೆ ರೇಡಿಯೇಟರ್ ಆದರೆ ಬೆಸುಗೆ ಹಾಕಿಸಿ, ಇನ್ನೂ ಹತ್ತು ವರ್ಷ ಬರುತ್ತದೆ. ಪ್ರತಿ ಊರಿನಲ್ಲೂ ಒಂದು ರೇಡಿಯೇಟರ್ ವರ್ಕ್ಸ್ ಬೋರ್ಡ್ ಇರುತ್ತಿದ್ದದ್ದು ಅದಕ್ಕೇ. ಈಗಿನ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಜೋಡಿಗೆ ಆ ಭಾಗ್ಯ ಇಲ್ಲ. ಪ್ಲಾಸ್ಟಿಕ್ ಒಂದು ಕಡೆ ಬಿರಿಯಿತು ಅಂದರೆ ಉಳಿದದ್ದೂ ಅದೇ ವಯಸ್ಸಿನದು. ಎಂ-ಸೀಲ್ ಒಂದು ವಾರ, ಹೆಚ್ಚೆಂದರೆ ಒಂದು ತಿಂಗಳು. ಹೊಸದು ಹಾಕಿಸಿ. ಬೆಂಗಳೂರಿನಲ್ಲಿದ್ದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎರಡು ಮೂರು ಕಡೆ ಕೇಳಿ, ಒಂದೇ ವಸ್ತುವಿಗೆ ಒಂದೊಂದು ಬೆಲೆ. ಹಳೇ ರೇಡಿಯೇಟರ್ ಜೊತೆಗೇ ಒಯ್ಯಿರಿ, ಪೈಪಿನ ಮೂತಿ ಎಡಕ್ಕಾ ಬಲಕ್ಕಾ ಅಂತ ಅಲ್ಲಿ ನಿಂತು ಫೋನಿನಲ್ಲಿ ಕೇಳುವ ಗೋಳು ಬೇಡ. ಹೋಸ್, ಕ್ಲ್ಯಾಂಪ್, ಮುಚ್ಚಳ ಅವತ್ತೇ ಬದಲಾಯಿಸಿ.

ಥರ್ಮೋಸ್ಟಾಟ್ ತೆಗೆದು ಬಿಸಾಕಿ, ನಮ್ಮ ಬಿಸಿಲಿಗೆ ಬೇಡ ಅಂತಾರೆ ಮೆಕ್ಯಾನಿಕ್.

ಇದೊಂದು ವಿಷಯಕ್ಕೆ ನಾನು ಜಗಳ ಆಡುತ್ತೇನೆ. ಥರ್ಮೋಸ್ಟಾಟ್ 82ರಿಂದ 88 ಡಿಗ್ರಿಗೆ ತೆರೆಯುವ ಬಾಗಿಲು. ಅದು ಇಲ್ಲದಿದ್ದರೆ ಎಂಜಿನ್ ಬೇಕಾದಷ್ಟು ಬೇಗ ಬಿಸಿಯಾಗುವುದಿಲ್ಲ. ತಣ್ಣನೆ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಹಾಳಾಗುತ್ತದೆ, ಸಿಲಿಂಡರ್ ಸವೆಯುತ್ತದೆ. ಅದನ್ನು ತೆಗೆದರೆ ಬೇಸಿಗೆಯ ಟ್ರಾಫಿಕ್‌ನಲ್ಲಿ ತೊಂದರೆ ಮುಚ್ಚಿಹೋಗುತ್ತದೆ ಅಷ್ಟೆ. ಕಟ್ಟಿದ ರೇಡಿಯೇಟರ್ ಹಾಗೇ ಇರುತ್ತದೆ, ಒಂದು ದಿನ ಘಾಟಿಯಲ್ಲಿ ಬಯಲಾಗುತ್ತದೆ. ಹಳೆಯದು ಕೆಟ್ಟಿದೆಯಾ ಅಂತ ನೋಡಲು ಪಾತ್ರೆಯಲ್ಲಿ ನೀರಿಗೆ ಹಾಕಿ ಒಲೆ ಮೇಲಿಡಿ. ಕುದಿ ಬರುವ ಮುಂಚೆ ಬಾಯಿ ಬಿಡಬೇಕು.

ವಾಟರ್ ಪಂಪ್ ಒಂದೇ ಬದಲಾಯಿಸಿದ್ರೆ ಸಾಕಲ್ವಾ, ಬೆಲ್ಟ್ ಯಾಕೆ?

ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವುಗಳನ್ನು ನಡೆಸುವ ಒಳಗಿನ ಬೆಲ್ಟ್) ಆಗಿದ್ದರೆ ಎರಡೂ ಒಟ್ಟಿಗೆ. ಬಿಚ್ಚುವ ಕೂಲಿ ಒಂದೇ. ಸೋರಿದ ಕೂಲಂಟ್ ಬೆಲ್ಟಿಗೂ ಬಿದ್ದಿರುತ್ತದೆ. ಹೊರಗಿನ ಬೆಲ್ಟಿನಿಂದ ತಿರುಗುವ ಪಂಪಾದರೆ ಆ ಬೆಲ್ಟು ಚೆನ್ನಾಗಿದೆಯಾ ನೋಡಿ ತೀರ್ಮಾನಿಸಿ.

ಎಲ್ಲಾ ಹೊಸದು ಹಾಕ್ಸಿದ್ದೀನಿ. ಮಾರನೇ ದಿನವೇ ಮತ್ತೆ ಹೀಟ್!

ಗಾಳಿ ಸಿಕ್ಕಿಕೊಂಡಿದೆ. ಕೂಲಂಟ್ ತುಂಬಿದಾಗ ಎಂಜಿನ್ನಿನ ಎತ್ತರದ ಮೂಲೆಗಳಲ್ಲಿ, ಹೀಟರಿನಲ್ಲಿ ಗಾಳಿ ಉಳಿಯುತ್ತದೆ, ಅಲ್ಲಿ ಕೂಲಂಟ್ ಹೋಗುವುದಿಲ್ಲ. ಕಾರಿನ ಮೂತಿ ಮೇಲಕ್ಕೆ ಇರುವ ಹಾಗೆ ಏರಿನಲ್ಲಿ ನಿಲ್ಲಿಸಿ, ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ಶುರು ಮಾಡಿ, ಹೀಟರ್ ಫುಲ್. ಥರ್ಮೋಸ್ಟಾಟ್ ತೆರೆಯುವಾಗ ಗುಳುಗುಳು ಅಂತ ಗಾಳಿ ಹೊರಬಂದು ಲೆವೆಲ್ ಕುಸಿಯುತ್ತದೆ, ಮತ್ತೆ ತುಂಬಿ. ಕೆಲವು ಎಂಜಿನ್ನುಗಳಿಗೆ ಗಾಳಿ ಬಿಡಲು ಬೇರೆ ಸ್ಕ್ರೂ ಇರುತ್ತದೆ. ಎಷ್ಟು ಲೀಟರ್ ಹಿಡಿಯಬೇಕು ಅಂತ ಕೈಪಿಡಿಯಲ್ಲಿದೆ. ನಾಲ್ಕು ಹಿಡಿಯಬೇಕಾದಲ್ಲಿ ಎರಡೂವರೆ ಹೋಗಿದ್ದರೆ ಉಳಿದದ್ದು ಗಾಳಿಯೇ. ಬೆಳಿಗ್ಗೆ ಫ್ಯಾನೂ ನೋಡಿಬಿಡಿ: ಎಸಿ ಹಾಕಿದ ಕೂಡಲೇ ತಿರುಗಬೇಕು.

ಹೆಡ್ ಇಳಿಸಲೇಬೇಕು ಅಂದ್ರು. ಮೋಸ ಹೋಗದ ಹಾಗೆ ಏನೇನು ಕೇಳಲಿ?

ಹೆಡ್ ಬಾಗಿದೆಯಾ ಅಂತ ಅಳೆದು ತೋರಿಸಿ ಅನ್ನಿ. ನೇರ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡುತ್ತಾರೆ. ಹಲವು ಸಣ್ಣ ಎಂಜಿನ್ನುಗಳಿಗೆ ಮಿತಿ 0.05 ಎಂಎಂ, ತಲೆಕೂದಲಿಗಿಂತ ಕಮ್ಮಿ. ಬರಿಗಣ್ಣಿಗೆ "ಚೆನ್ನಾಗಿದೆ ಸಾರ್" ಅನ್ನುವ ಮಾತಿಗೆ ಬೆಲೆ ಇಲ್ಲ. ಬಾಗಿದ್ದರೆ ಫೇಸಿಂಗಿಗೆ (ಮೇಲ್ಮೈ ಮಟ್ಟ ಮಾಡಲು) ಲೇತಿಗೆ ಹೋಗುತ್ತದೆ, ಹೋದಾಗ ಬಿರುಕಿದೆಯಾ ಅಂತಲೂ ಪ್ರೆಶರ್ ಕೊಟ್ಟು ನೋಡಿಸಿ. ಬಿರುಕು ಬಿಟ್ಟ ಹೆಡ್‌ಗೆ ಹೊಸ ಗ್ಯಾಸ್ಕೆಟ್ ಹಾಕುವುದು ದುಡ್ಡು ದಂಡ. ಬೋಲ್ಟ್‌ಗಳು ಒಮ್ಮೆ ಮಾತ್ರ ಹಿಗ್ಗುವ ಜಾತಿಯವಾದರೆ ಹೊಸದೇ ಬೇಕು. ಬಿಗಿ ಮಾಡುವಾಗ ಟಾರ್ಕ್ ವ್ರೆಂಚ್ (ಅಳತೆಯಷ್ಟೇ ಬಿಗಿ ಮಾಡುವ ಸ್ಪ್ಯಾನರ್) ಇರಬೇಕು, ನಡುವಿನಿಂದ ಶುರುಮಾಡಿ ಹೊರಗೆ. ಅವತ್ತೇ ಆಯಿಲ್, ಫಿಲ್ಟರ್ ಬದಲಾಗಬೇಕು. ಎಂಜಿನ್ ಬಿಚ್ಚಿದಾಗ ಬದಿಯ ಡಮ್ಮಿ ಪ್ಲಗ್‌ಗಳನ್ನೂ (ಬ್ಲಾಕಿನ ತೂತು ಮುಚ್ಚುವ ಲೋಹದ ಬಿಲ್ಲೆಗಳು) ನೋಡಿಸಿ, ಬೋರ್‌ವೆಲ್ ನೀರು ಕುಡಿದ ಗಾಡಿಯಲ್ಲಿ ಅವು ಹಿಂದಿನಿಂದ ತುಕ್ಕು ತಿಂದು ಕಾಗದವಾಗಿರುತ್ತವೆ.

ಡೀಸೆಲ್ ಗಾಡಿಯವರು ಹೆಡ್ ಇಳಿಸುವ ಮುಂಚೆ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳುವ ಹೊಗೆಯನ್ನು ತಣ್ಣಗಾಗಿಸುವ ಭಾಗ), ಆಯಿಲ್ ಕೂಲರ್ ಎರಡನ್ನೂ ಪರೀಕ್ಷೆ ಮಾಡಿಸಿ. ಅವು ಒಳಗೆ ತೂತಾದರೂ ಗುರುತು ಹೆಡ್ ಗ್ಯಾಸ್ಕೆಟ್‌ನದ್ದೇ.

15 ವರ್ಷ ಆಗೋಯ್ತು. ಇನ್ನೂ ದುಡ್ಡು ಹಾಕೋದು ದಡ್ಡತನ ಅಲ್ವಾ?

15 ವರ್ಷಕ್ಕೆ ನೋಂದಣಿ ಮುಗಿಯುತ್ತದೆ, ಆರ್‌ಟಿಓ ಫಿಟ್‌ನೆಸ್ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು, ಹಸಿರು ತೆರಿಗೆ ಸೇರಿ. ಅದನ್ನು ಮಾಡಿಸುವ ಮನಸ್ಸಿದ್ದರೆ ಹೋಸ್, ರೇಡಿಯೇಟರ್, ಪಂಪು ಎಲ್ಲಾ ಸೇರಿದರೂ ಹೊಸ ಕಾರಿನ ಒಂದೆರಡು ತಿಂಗಳ ಕಂತಿನಷ್ಟು, ಹಾಕಿ. ಹೆಡ್ ಕೆಲಸ ಬಂದರೆ ಬಾಡಿ ನೋಡಿ. ತಳ ತುಕ್ಕು ತಿಂದ ಕಾರಿಗೆ ಹೆಡ್ ಕೆಲಸ ಮಾಡಿಸಬೇಡಿ, ನಮ್ಮ ಕರಾವಳಿ ಕಡೆಯ ಎಷ್ಟೋ ಗಾಡಿಗಳ ಗತಿ ಅದು.

ಇಳಿಸಿದ ಹಳೇ ಕೂಲಂಟ್ ಎಲ್ಲಿ ಚೆಲ್ಲಲಿ?

ಚರಂಡಿಗೆ ಬೇಡ, ಗಿಡದ ಬುಡಕ್ಕೂ ಬೇಡ. ಸಿಹಿಯಿರುವುದರಿಂದ ಬೀದಿ ನಾಯಿ, ಬೆಕ್ಕು ನೆಕ್ಕುತ್ತವೆ, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಕ್ಯಾನಿಗೆ ತುಂಬಿ ಹಳೇ ಆಯಿಲ್ ಕೊಂಡೊಯ್ಯುವವರಿರುವ ಸರ್ವಿಸ್ ಸೆಂಟರ್‌ಗೆ ಕೊಡಿ, ಆಯಿಲ್ ಜೊತೆ ಬೆರೆಸದೆ. ನೆಲಕ್ಕೆ ಚೆಲ್ಲಿದ್ದರೆ ಮರಳು ಅಥವಾ ಮರದ ಹೊಟ್ಟು ಹಾಕಿ ಗುಡಿಸಿ, ಆಮೇಲೆ ಒರೆಸಿ.

ರಿಪೇರಿ ಆದ್ಮೇಲೆ ಎಷ್ಟು ದಿನ ಲೆವೆಲ್ ನೋಡ್ತಾ ಇರ್ಬೇಕು?

ಮೊದಲ ವಾರ ದಿನಾ ಬೆಳಿಗ್ಗೆ. ಆಮೇಲೆ ಒಂದು ತಿಂಗಳು ವಾರಕ್ಕೊಮ್ಮೆ. ಮೊದಲ ಎರಡು ದಿನ ಸ್ವಲ್ಪ ಇಳಿಯುತ್ತದೆ, ಅದು ಉಳಿದ ಗಾಳಿ ಹೋಗಿದ್ದು. ಆಮೇಲೂ ಇಳಿದರೆ ಮತ್ತೆ ಟಾರ್ಚು, ಕನ್ನಡಿ. ನನ್ನ ಟ್ಯಾಂಕಿನ ಮೇಲೆ ಹನ್ನೊಂದು ಗೆರೆಗಳಿವೆ, ಒಂದಕ್ಕಿಂತ ಒಂದು ಕೆಳಗೆ, ಬಾವಿ ಬತ್ತಿದ ಲೆಕ್ಕದ ಹಾಗೆ. ಹನ್ನೊಂದನೆಯದು ಹೋಸ್ ಹಾಕಿಸಿದ ದಿನದ್ದು. ಹನ್ನೆರಡನೆಯದು ಎಳೆಯಲು ಹೋದ ತಿಂಗಳು ಬೋನೆಟ್ ಎತ್ತಿದೆ, ಎಳೆಯಲು ಜಾಗವೇ ಇರಲಿಲ್ಲ, ಹಳೇ ಗೆರೆಯ ಮೇಲೇ ನಿಂತಿತ್ತು.